ಒಂದು ಸಾಧಾರಣ ದಿನದ ಅಳತೆ

ಅಮೆರಿಕದ ನ್ಯೂಜೆರ್ಸಿ ರಾಜ್ಯದ ವೈನ್‌ಲ್ಯಾಂಡ್ ಎಂಬ ಊರಿನಲ್ಲಿ ಬೌದ್ಧಿಕ ಬೆಳವಣಿಗೆ ಕುಂಠಿತವಾದವರಿಗಾಗಿ ಒಂದು ವಸತಿ ಶಾಲೆ ಇತ್ತು. ಫ್ರಾನ್ಸಿನ ಆಲ್‌ಫ್ರೆಡ್ ಬಿನೆ ರೂಪಿಸಿದ್ದ ಬುದ್ಧಿಪರೀಕ್ಷೆ 1908ರಲ್ಲಿ ಅಮೆರಿಕಕ್ಕೆ ಬಂದದ್ದು ಈ ಶಾಲೆಯ ಮೂಲಕ. ಅಲ್ಲಿನ ಸಂಶೋಧನಾ ವಿಭಾಗದ ಮುಖ್ಯಸ್ಥ ಹೆನ್ರಿ ಗಾಡರ್ಡ್ ಅದನ್ನು ಇಂಗ್ಲಿಷಿಗೆ ತಂದರು. ಮನುಷ್ಯನ ಬುದ್ಧಿಯನ್ನು ಒಂದು ಅಂಕಿಯಲ್ಲಿ ಹಿಡಿದಿಡಬಹುದೆಂಬ ನಂಬಿಕೆ ಅಲ್ಲಿಂದ ದೇಶದ ತುಂಬ ಹಬ್ಬಿತು. ಆ ನಂಬಿಕೆಗೆ ಬಲವಾದ ತಿದ್ದುಪಡಿ ಹುಟ್ಟಿದ್ದೂ ಅದೇ ಶಾಲೆಯಲ್ಲಿ.

1925ರಲ್ಲಿ ಆ ವಿಭಾಗದ ಹೊಣೆ ಹೊತ್ತ ಎಡ್ಗರ್ ಡಾಲ್ ಅವರ ಮುಂದಿದ್ದ ಪ್ರಶ್ನೆ ತೀರ ವ್ಯಾವಹಾರಿಕವಾದದ್ದು. ಪರೀಕ್ಷೆಯಲ್ಲಿ ಒಂದೇ ಅಂಕ ಪಡೆದ ಇಬ್ಬರು ಒಂದೇ ರೀತಿ ಬದುಕುವುದಿಲ್ಲ. ಒಬ್ಬರು ದುಡಿದು, ಅಂಗಡಿಗೆ ಹೋಗಿ ಸಾಮಾನು ತಂದು, ತಮ್ಮ ಪಾಡು ತಾವು ನೋಡಿಕೊಳ್ಳುತ್ತಾರೆ. ಇನ್ನೊಬ್ಬರಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲೂ ಯಾರಾದರೂ ಬೇಕು. ಡಾಲ್ ದಿನನಿತ್ಯದ ಬದುಕನ್ನೇ ಅಳೆಯಲು ಹೊರಟರು. 1935ರಲ್ಲಿ ಅವರು ಪ್ರಕಟಿಸಿದ ವೈನ್‌ಲ್ಯಾಂಡ್ ಸಾಮಾಜಿಕ ಪ್ರಬುದ್ಧತೆಯ ಮಾಪಕದಲ್ಲಿ 117 ಅಂಶಗಳಿದ್ದವು. ನಗುವುದು, ತಲೆ ನಿಲ್ಲಿಸುವುದು ಎಂಬ ಹಸುಗೂಸಿನ ಕೆಲಸಗಳಿಂದ ಶುರುವಾಗಿ, ಲೋಟ ಎತ್ತಿ ಕುಡಿಯುವುದು, ಕೈ ಒರೆಸಿಕೊಳ್ಳುವುದು, ಫೋನ್ ಮಾಡುವುದು, ತನ್ನ ಬಟ್ಟೆ ತಾನೇ ಕೊಳ್ಳುವುದು, ದೂರದ ಊರಿಗೆ ಒಬ್ಬರೇ ಹೋಗಿಬರುವುದು ಎಂದು ಆ ಪಟ್ಟಿ ಮೇಲೇರುತ್ತಿತ್ತು. ಒಗಟಿಲ್ಲ, ಲೆಕ್ಕವಿಲ್ಲ, ಪೆನ್ಸಿಲ್ ಇಲ್ಲ. ವ್ಯಕ್ತಿಯನ್ನು ಹತ್ತಿರದಿಂದ ಬಲ್ಲವರ ಜೊತೆ ಕೂತು ಮಾತಾಡಿ ತುಂಬಬೇಕಾದ ಪಟ್ಟಿ ಅದು.

ಆಟಿಸಂ ಕುರಿತು ಮನೋವೈದ್ಯ ಲಿಯೋ ಕ್ಯಾನರ್ ಅವರ ಪ್ರಸಿದ್ಧ ಪ್ರಬಂಧ ಬರಲು ಆಗಿನ್ನೂ ಎಂಟು ವರ್ಷ ಇತ್ತು. ಆದರೂ ಆಟಿಸಂ ಇರುವ ವಯಸ್ಕರ ದಿನಚರಿಯನ್ನು ಅರಿಯಲು ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಸಾಧನಗಳಲ್ಲಿ ಒಂದು ಡಾಲ್ ಅವರ ಮಾಪಕದ ವಂಶಜವೇ. ಯೇಲ್ ವಿಶ್ವವಿದ್ಯಾಲಯದ ಸಾರಾ ಸ್ಪ್ಯಾರೋ ಮತ್ತು ಸಂಗಡಿಗರು 1984ರಲ್ಲಿ ಅದನ್ನು ಪೂರ್ತಿ ಹೊಸದಾಗಿ ಕಟ್ಟಿದರು. 2005ರಲ್ಲಿ ಎರಡನೆಯ, 2016ರಲ್ಲಿ ಮೂರನೆಯ ಆವೃತ್ತಿ ಬಂತು.

ಮಾಡಬಲ್ಲರೇ, ಮಾಡುತ್ತಾರೆಯೇ?

ಈ ಮಾಪಕದ ಜೀವಾಳ ಒಂದು ಸರಳ ನಿಯಮದಲ್ಲಿದೆ. ವ್ಯಕ್ತಿ ಏನನ್ನು ಮಾಡಬಲ್ಲರು ಎಂದು ಅದು ಕೇಳುವುದಿಲ್ಲ. ಯಾರೂ ನೆನಪಿಸದೆ, ಯಾರೂ ಕೈಹಿಡಿಯದೆ, ಎಂದಿನ ದಿನಗಳಲ್ಲಿ ಏನನ್ನು ಮಾಡುತ್ತಾರೆ ಎಂದು ಕೇಳುತ್ತದೆ. ಸಾಮಾನ್ಯವಾಗಿ ಮಾಡುತ್ತಾರೆ ಎಂದರೆ 2, ಒಮ್ಮೊಮ್ಮೆ ಎಂದರೆ 1, ಇಲ್ಲವೇ ಇಲ್ಲ ಎಂದರೆ 0. ಹಲ್ಲುಜ್ಜುವ ವಿಧಾನವನ್ನು ಹಂತಹಂತವಾಗಿ ವಿವರಿಸಬಲ್ಲ ಯುವಕ ವಾರಕ್ಕೆರಡು ದಿನ ಮಾತ್ರ ಹಲ್ಲುಜ್ಜುತ್ತಿದ್ದರೆ ಅವನಿಗೆ ಪೂರ್ಣಾಂಕ ಸಿಗುವುದಿಲ್ಲ. ಎಲ್ಲ ಉತ್ತರಗಳನ್ನು ಕೂಡಿ, ಅದೇ ವಯಸ್ಸಿನವರ ಜೊತೆ ಹೋಲಿಸಿದಾಗ ಬರುವ ಅಂಕದ ಸರಾಸರಿ 100. ಮೂರರಲ್ಲಿ ಇಬ್ಬರು 85ರಿಂದ 115ರ ನಡುವೆ ಬರುತ್ತಾರೆ. ಸಂವಹನ, ದಿನಚರಿಯ ಕೌಶಲ, ಸಾಮಾಜಿಕ ಒಡನಾಟ ಈ ಮೂರು ಮುಖ್ಯ ವಿಭಾಗಗಳಿಗೂ ಬೇರೆಬೇರೆ ಅಂಕವಿದೆ.

ನುರಿತ ಮನೋವಿಜ್ಞಾನಿ ಪಟ್ಟಿ ಹಿಡಿದು ಹೌದು-ಇಲ್ಲ ಎಂದು ಕೇಳುತ್ತಾ ಹೋಗುವುದಿಲ್ಲ. “ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಹೇಳಿ” ಎನ್ನುತ್ತಾರೆ. ತಾಯಿ ಹೇಳುತ್ತಾ ಹೋದಂತೆ ಸಣ್ಣ ಸಣ್ಣ ಸಂಗತಿಗಳು ಹೊರಬರುತ್ತವೆ. ಸ್ನಾನ ಅವನೇ ಮಾಡುತ್ತಾನೆ, ಆದರೆ ನೀರು ಹದ ಮಾಡಿ ಬಕೆಟ್ ತುಂಬಿಸಿಡುವುದು ಅಮ್ಮ. ಬಟ್ಟೆ ಅವನೇ ಹಾಕಿಕೊಳ್ಳುತ್ತಾನೆ, ಆದರೆ ಮಳೆಯ ದಿನವೂ ಅದೇ ತೆಳು ಅಂಗಿ. ಅಂಗಡಿಯಿಂದ ಹಾಲು ತರುತ್ತಾನೆ, ಚಿಲ್ಲರೆ ಎಣಿಸಿಕೊಳ್ಳುವುದಿಲ್ಲ. “ಅವನ ಕೆಲಸ ಅವನೇ ಮಾಡ್ಕೋತಾನೆ” ಎಂಬ ಒಂದು ಮಾತಿನ ಹಿಂದೆ ಇಷ್ಟೆಲ್ಲ ಅಡಗಿರುತ್ತದೆ.

ನಾಗಪುರ, ಮೈಸೂರು

ಡಾಲ್ ಅವರ ಮೂಲ ಮಾಪಕ ಭಾರತಕ್ಕೂ ಬಂತು. ನಾಗಪುರದಲ್ಲಿ ಎ. ಜೆ. ಮಾಲಿನ್ ಅದನ್ನು ಇಲ್ಲಿಯ ಮಕ್ಕಳಿಗೆ ಒಗ್ಗಿಸಿದರು. ಮುಂದೆ ಜೆ. ಭರತ್‌ರಾಜ್ ಅದರ ವಿಸ್ತೃತ ಆವೃತ್ತಿ ಸಿದ್ಧಪಡಿಸಿದರು. 1992ರಲ್ಲಿ ಮೈಸೂರಿನಿಂದ ಅದು ಪ್ರಕಟವಾಯಿತು. ಕರ್ನಾಟಕದ ಎಷ್ಟೋ ಕುಟುಂಬಗಳು ಮಗುವಿನ ವರದಿಯಲ್ಲಿ ‘ವಿಎಸ್‌ಎಂಎಸ್’ ಎಂಬ ನಾಲ್ಕಕ್ಷರ ಕಂಡಿರುತ್ತವೆ. ಅದು ಇದೇ.

ಈ ಭಾರತೀಯ ರೂಪದಲ್ಲಿ 89 ಅಂಶಗಳಿವೆ; ಅದರ ಮೇಲ್ಮಿತಿ 15 ವರ್ಷ. ಮಗುವಿಗೆ ಹೊಲಿಸಿದ ಅಳತೆಪಟ್ಟಿ 30 ವರ್ಷದವರ ಮೈಗೆ ಸಾಲದು. ಬಾಡಿಗೆ ಕರಾರಿಗೆ ಸಹಿ, ಔಷಧಿಯ ಲೆಕ್ಕ, ಯುಪಿಐನಲ್ಲಿ ಹಣ ಕಳಿಸುವಾಗ ಬೇಕಾದ ಎಚ್ಚರ, ಕೆಲಸದ ಜಾಗದಲ್ಲಿ ಮೇಲಧಿಕಾರಿಯ ಜೊತೆ ಮಾತು, ಒಬ್ಬರೇ ಇರುವಾಗ ಜ್ವರ ಬಂದರೆ ಏನು ಮಾಡುವುದು, ಈ ಬಗೆಯ ಪ್ರಶ್ನೆಗಳು ಆ ಪಟ್ಟಿಯ ಆಚೆಗಿವೆ. ವಯಸ್ಕರ ಬದುಕು ಆರಂಭವಾಗುವುದೇ ಪಟ್ಟಿ ಮುಗಿಯುವಲ್ಲಿ.

ಅಂಕಪಟ್ಟಿ ಮತ್ತು ಅಡುಗೆಮನೆ

ಆಟಿಸಂನಲ್ಲಿ ಈ ಅಳತೆ ಇಷ್ಟು ಮುಖ್ಯವಾಗಲು ಕಾರಣವಿದೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಹೊಸದಾಗಿ ಆಟಿಸಂ ಪತ್ತೆಯಾದವರನ್ನು ದಾಖಲಿಸುವ ಒಂದು ರಿಜಿಸ್ಟರ್ ಇದೆ. ಅದರಲ್ಲಿದ್ದ 2,225 ಮಕ್ಕಳು ಮತ್ತು ಹದಿಹರೆಯದವರ ಮಾಹಿತಿಯನ್ನು ಗೇಲ್ ಅಲ್ವಾರೆಸ್ ಮತ್ತು ಸಂಗಡಿಗರು ಪರಿಶೀಲಿಸಿ 2020ರಲ್ಲಿ ಪ್ರಕಟಿಸಿದರು. ಬುದ್ಧಿಪರೀಕ್ಷೆಯ ಅಂಕ ನೋಡಿ ದಿನಚರಿಯ ಕೌಶಲವನ್ನು ಊಹಿಸಲಾಗದು ಎಂಬುದು ಅವರು ಕಂಡದ್ದು. ಬೌದ್ಧಿಕ ಅಂಗವೈಕಲ್ಯ ಇಲ್ಲದವರಲ್ಲೇ ಬುದ್ಧಿಯ ಅಂಕಕ್ಕೂ ಬದುಕಿನ ಅಂಕಕ್ಕೂ ಕಂದರ ದೊಡ್ಡದಾಗಿತ್ತು. ಇಂಥವರಿಗೆ ಅಂಟಿಸುವ ‘ಹೈ ಫಂಕ್ಷನಿಂಗ್ ಆಟಿಸಂ’ ಎಂಬ ಹಣೆಪಟ್ಟಿಯನ್ನು ಕೈಬಿಡಬೇಕೆಂದು ಆ ತಂಡ ನೇರವಾಗಿ ಬರೆಯಿತು.

ಆ ಹಣೆಪಟ್ಟಿ ಮಾಡಿದ ಹಾನಿ ಸಣ್ಣದಲ್ಲ. ಇಂಜಿನಿಯರಿಂಗ್ ಮುಗಿಸಿದ, ನಿರರ್ಗಳವಾಗಿ ಮಾತಾಡುವ ಯುವತಿ ಊಟ ಮಾಡಲು ಮರೆಯುತ್ತಾಳೆ, ವಾರಗಟ್ಟಲೆ ಒಂದೇ ಬಟ್ಟೆಯಲ್ಲಿರುತ್ತಾಳೆ ಎಂದರೆ ಮನೆಯವರು ಅದನ್ನು ಸೋಮಾರಿತನ ಎನ್ನುತ್ತಾರೆ, ನೆಂಟರು ಅಹಂಕಾರ ಎನ್ನುತ್ತಾರೆ. ಮಾತೇ ಆಡದ ಇನ್ನೊಬ್ಬರು ಹಪ್ಪಳ ಕರಿಯುತ್ತಾರೆ, ಬಟ್ಟೆ ಮಡಿಸಿಡುತ್ತಾರೆ, ತೋಟಕ್ಕೆ ನೀರು ಬಿಡುತ್ತಾರೆ. ಮಾತಿಲ್ಲವೆಂಬ ಒಂದೇ ಕಾರಣಕ್ಕೆ ಅವರಿಗೆ ಏನೂ ಬಾರದೆಂದು ತೀರ್ಮಾನವಾಗುತ್ತದೆ. ಎರಡೂ ಕಡೆ ಅನ್ಯಾಯ.

ಕಂದರ ಏಕೆ ಏರ್ಪಡುತ್ತದೆ? ಉಪ್ಪಿಟ್ಟು ಮಾಡುವ ಕೆಲಸವನ್ನೇ ಬಿಡಿಸಿ ನೋಡಬಹುದು. ಹಸಿವಾಗಿದೆ ಎಂದು ಮೊದಲು ತಿಳಿಯಬೇಕು. ದೇಹದ ಒಳಗಿನ ಸೂಚನೆಗಳು ಆಟಿಸಂ ಇರುವ ಅನೇಕರಿಗೆ ಸ್ಪಷ್ಟವಾಗಿ ತಲುಪುವುದಿಲ್ಲ. ಆಮೇಲೆ ಈಗ ಮಾಡುತ್ತಿರುವ ಕೆಲಸ ನಿಲ್ಲಿಸಿ ಏಳಬೇಕು. ಒಂದರಿಂದ ಇನ್ನೊಂದಕ್ಕೆ ಹೊರಳುವುದೇ ಹಲವರಿಗೆ ಬೆಟ್ಟ ಹತ್ತಿದಂಥ ಶ್ರಮ. ರವೆ ಹುರಿಯುವುದು, ಈರುಳ್ಳಿ ಹೆಚ್ಚುವುದು, ನೀರು ಕುದಿಸುವುದನ್ನು ಸರಿಯಾದ ಕ್ರಮದಲ್ಲಿ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಸಾಸಿವೆ ಸಿಡಿಯುವ ಸದ್ದು, ಒಗ್ಗರಣೆಯ ಘಾಟು, ಪಕ್ಕದ ಒಲೆಯ ಕುಕ್ಕರಿನ ಕೂಗು, ಟ್ಯೂಬ್‌ಲೈಟಿನ ಮಿಣುಕು ಎಲ್ಲವನ್ನೂ ತಡೆದುಕೊಳ್ಳಬೇಕು. ಕರಿಬೇವು ಮುಗಿದಿದ್ದರೆ ಅದಿಲ್ಲದೆಯೇ ಮುಂದುವರಿಯಬಹುದು ಎಂದು ಒಪ್ಪಿಕೊಳ್ಳಬೇಕು. ಬುದ್ಧಿಪರೀಕ್ಷೆ ನಡೆಯುವುದು ಸದ್ದಿಲ್ಲದ ಕೋಣೆಯಲ್ಲಿ. ಮುಂದಿನ ಪ್ರಶ್ನೆ ಯಾವುದೆಂದು ಎದುರು ಕೂತವರೇ ಹೇಳುತ್ತಾರೆ. ಅಡುಗೆಮನೆಯಲ್ಲಿ ಹಾಗೆ ಹೇಳುವವರಿಲ್ಲ.

ಹಾಗಾಗಿ “ಅಡುಗೆ ಬರುವುದಿಲ್ಲ” ಎಂದು ಬರೆದರೆ ಮೌಲ್ಯಮಾಪನ ಮುಗಿದಂತಲ್ಲ. ಸರಪಳಿಯ ಯಾವ ಕೊಂಡಿ ಕಳಚಿತು ಎಂದು ಹುಡುಕಬೇಕು. ಹಸಿವು ಗೊತ್ತಾಗದವರಿಗೆ ಫೋನಿನಲ್ಲಿ ಅಲಾರಂ ಸಾಕಾಗಬಹುದು. ಕ್ರಮ ತಪ್ಪುವವರಿಗೆ ಗೋಡೆಗೆ ಅಂಟಿಸಿದ ಚಿತ್ರಗಳು ಬೇಕು. ಸದ್ದು ತಾಳಲಾಗದವರಿಗೆ ಕಿವಿಮುಚ್ಚುವ ಹೆಡ್‌ಫೋನ್. ಒಂದೇ ಕೊರತೆಯಂತೆ ಕಾಣುವುದಕ್ಕೆ ಮೂರು ಬೇರೆ ಪರಿಹಾರ.

ಸಾಲು ಎಣಿಸಿದ ಹುಡುಗ

ಸುತ್ತಲಿನವರು ಏನು ಮಾಡುತ್ತಾರೆ ಎಂಬುದರ ಮೇಲೆ ಈ ಕೌಶಲಗಳು ಎಷ್ಟು ನಿಂತಿವೆ ಎಂಬುದಕ್ಕೆ ಆಟಿಸಂ ಚರಿತ್ರೆಯ ಮೊದಲ ಪುಟದಲ್ಲೇ ಸಾಕ್ಷಿಯಿದೆ. ಕ್ಯಾನರ್ 1943ರ ಪ್ರಬಂಧದಲ್ಲಿ 11 ಮಕ್ಕಳನ್ನು ವರ್ಣಿಸಿದ್ದರು. ಮೊದಲನೆಯವರು ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನ ಡೊನಾಲ್ಡ್ ಟ್ರಿಪ್ಲೆಟ್. 1942ರಲ್ಲಿ ಮನೆಯವರು ಹುಡುಗನನ್ನು ಸುಮಾರು ಹತ್ತು ಮೈಲಿ ದೂರದ ಹೊಲಮನೆಯಲ್ಲಿ ಒಬ್ಬ ರೈತ ದಂಪತಿಯ ಬಳಿ ಬಿಟ್ಟಿದ್ದರು.

ಕ್ಯಾನರ್ ಅಲ್ಲಿಗೆ ಹೋದಾಗ ಆ ದಂಪತಿಯ ಜಾಣ್ಮೆ ಕಂಡು ಬೆರಗಾದರು. ಹುಡುಗನಿಗೆ ಅಳೆಯುವ ಗೀಳು. ದಂಪತಿ ಅವನಿಂದಲೇ ಬಾವಿ ತೋಡಿಸಿ ಆಳ ಎಷ್ಟೆಂದು ವರದಿ ಕೇಳಿದರು. ಸತ್ತ ಹಕ್ಕಿ, ಹುಳುಗಳನ್ನು ತಂದು ಗುಡ್ಡೆ ಹಾಕತೊಡಗಿದಾಗ ಅವುಗಳನ್ನು ಹೂಳಲು ಜಾಗ ಕೊಟ್ಟು ಗುರುತುಪಟ್ಟಿ ನೆಡಿಸಿದರು. ಜೋಳದ ಸಾಲುಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದವನ ಕೈಗೆ ನೇಗಿಲು ಕೊಟ್ಟು, ಉಳುತ್ತಾ ಎಣಿಸು ಎಂದರು. ಗೀಳನ್ನು ಬಿಡಿಸಲು ಹೋಗದೆ ಅದನ್ನೇ ದುಡಿಮೆಯ ದಾರಿ ಮಾಡಿದರು.

ಡೊನಾಲ್ಡ್ ಕಾಲೇಜು ಮುಗಿಸಿದರು, ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡಿದರು, ಕಾರು ಓಡಿಸಿದರು, ಗಾಲ್ಫ್ ಆಡಿದರು, ಒಬ್ಬರೇ ಹಲವು ದೇಶ ಸುತ್ತಿದರು. 2023ರಲ್ಲಿ ತೀರಿಕೊಂಡಾಗ ಅವರಿಗೆ 89 ವರ್ಷ. ಅವರದು ಸ್ಥಿತಿವಂತ ಕುಟುಂಬ, ಬ್ಯಾಂಕಿನಲ್ಲಿ ಮನೆಯವರಿಗೆ ಪಾಲಿತ್ತು, ಊರಿನ ಜನ ಅವರನ್ನು ತಮ್ಮವರೆಂದು ಕಾಪಾಡಿಕೊಂಡರು. ಆ 11 ಮಂದಿ ಏನಾದರು ಎಂದು 1971ರಲ್ಲಿ ಕ್ಯಾನರ್ ಮತ್ತೆ ಹುಡುಕಿ ಬರೆದರು. ಸರ್ಕಾರದ ದೊಡ್ಡ ಆಶ್ರಯಾಲಯಗಳಿಗೆ ಸೇರಿಸಲ್ಪಟ್ಟವರು ಇದ್ದ ಕೌಶಲಗಳನ್ನೂ ಕಳೆದುಕೊಂಡಿದ್ದರು. ಇಬ್ಬರ ದಿನಚರಿಯ ಅಂಕ ಬೇರೆಯಾಗಲು ಅವರ ಮಿದುಳಿನಷ್ಟೇ ಅವರು ಬದುಕಿದ ಮನೆಯೂ ಕಾರಣವಾಗಬಹುದು.

ಮನುಷ್ಯರ ಕಾರ್ಯಸಾಮರ್ಥ್ಯ ಮತ್ತು ಅಂಗವೈಕಲ್ಯವನ್ನು ವಿಂಗಡಿಸಲು ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಒಪ್ಪಿದ ‘ಐಸಿಎಫ್’ ವರ್ಗೀಕರಣ ಇದೇ ದಿಕ್ಕಿನದು. ಅದನ್ನು ಆಟಿಸಂಗೆ ಅನ್ವಯಿಸಿ ಸ್ವೀಡನ್ನಿನ ಸ್ವೆನ್ ಬೋಲ್ಟೆ ಮತ್ತು ಸಂಗಡಿಗರು 2019ರಲ್ಲಿ 111 ಅಂಶಗಳ ಪಟ್ಟಿ ಪ್ರಕಟಿಸಿದರು. ಅದರಲ್ಲಿ 59 ಅಂಶಗಳು ದಿನದ ಚಟುವಟಿಕೆ ಮತ್ತು ಸಮಾಜದಲ್ಲಿ ಪಾಲ್ಗೊಳ್ಳುವಿಕೆಗೆ ಸೇರಿದ್ದರೆ, 31 ಅಂಶಗಳು ಪರಿಸರಕ್ಕೆ ಸೇರಿವೆ: ಕುಟುಂಬದ ಆಸರೆ, ಸುತ್ತಲಿನವರ ಮನೋಭಾವ, ಸದ್ದು, ಬೆಳಕು, ಸರ್ಕಾರಿ ಸೇವೆಗಳು.

ಇಪ್ಪತ್ತರ ನಂತರ

ಶಾಲೆ ಇರುವವರೆಗೆ ಯಾರಾದರೂ ಗಮನಿಸುತ್ತಿರುತ್ತಾರೆ. ಆಮೇಲೆ? ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವೈಸ್‌ಮನ್ ಕೇಂದ್ರದ ಸಂಶೋಧಕರು ಆಟಿಸಂ ಇರುವ 397 ಹದಿಹರೆಯದವರು ಮತ್ತು ವಯಸ್ಕರನ್ನು ಹತ್ತು ವರ್ಷ ಹಿಂಬಾಲಿಸಿ 2012ರಲ್ಲಿ ವರದಿ ಮಾಡಿದರು. ದಿನಚರಿಯ ಕೌಶಲಗಳು ಹದಿಹರೆಯದಲ್ಲೂ ಇಪ್ಪತ್ತರ ಆರಂಭದಲ್ಲೂ ಬೆಳೆಯುತ್ತಾ ಹೋಗಿ, ಇಪ್ಪತ್ತರ ಕೊನೆಯ ಹೊತ್ತಿಗೆ ಬೆಳವಣಿಗೆ ನಿಲ್ಲುತ್ತಿತ್ತು. ಡೌನ್ ಸಿಂಡ್ರೋಮ್ ಇರುವವರಲ್ಲಿ ಹಾಗೆ ನಿಲ್ಲದೆ ಕಲಿಕೆ ಮುಂದುವರಿದಿತ್ತು. ಆಸರೆಯ ವ್ಯವಸ್ಥೆ ಕೈಬಿಡುವ ವಯಸ್ಸಿನಲ್ಲೇ ಆಟಿಸಂ ಇರುವವರಿಗೆ ಅದು ಹೆಚ್ಚು ಬೇಕಾಗುತ್ತದೆ.

ಇದೇ ಕೇಂದ್ರದಿಂದ 2013ರಲ್ಲಿ ಬಂದ ವೈಸ್‌ಮನ್ ಮಾಪಕದಲ್ಲಿ ಇರುವುದು ಬರೀ 17 ಅಂಶಗಳು. ಹಾಸಿಗೆ ಸರಿಮಾಡುವುದು, ಮನೆಗೆಲಸ, ಸಾಮಾನು ತರುವುದು, ಅಡುಗೆ, ಹಣದ ವ್ಯವಹಾರ. ಪ್ರತಿಯೊಂದಕ್ಕೂ ತಾನೇ ಮಾಡುತ್ತಾರೆ, ನೆರವಿನಿಂದ ಮಾಡುತ್ತಾರೆ, ಮಾಡುವುದಿಲ್ಲ ಎಂಬ ಮೂರೇ ಉತ್ತರ. ಹತ್ತು ನಿಮಿಷದಲ್ಲಿ ತುಂಬಬಹುದಾದ್ದರಿಂದ ಪ್ರತಿ ವರ್ಷ ತುಂಬಿ ಏರಿಳಿತ ನೋಡಲು ಅನುಕೂಲ.

ವಯಸ್ಕರ ವಿಷಯದಲ್ಲಿ ಇನ್ನೊಂದು ತೊಡಕಿದೆ: ಉತ್ತರ ಹೇಳುವವರು ಯಾರು? ನಲವತ್ತೈದರಲ್ಲಿ ಆಟಿಸಂ ಪತ್ತೆಯಾದವರ ತಂದೆತಾಯಿ ಇಲ್ಲದಿರಬಹುದು, ಇದ್ದರೂ ದೂರದ ಊರಿನಲ್ಲಿರಬಹುದು. ಅಂಥವರ ಬಾಯಿಂದಲೇ ಕೇಳಬೇಕು. ಎಬಿಎಎಸ್ ಎಂಬ ಮಾಪಕದ ವಯಸ್ಕರ ಆವೃತ್ತಿಯಲ್ಲಿ ಸ್ವತಃ ತುಂಬಬಹುದಾದ ನಮೂನೆಯಿದೆ. ವಿಶ್ವ ಆರೋಗ್ಯ ಸಂಸ್ಥೆಯ ‘ಹೂಡಾಸ್’ ಪ್ರಶ್ನಾವಳಿ ಕಳೆದ 30 ದಿನಗಳಲ್ಲಿ ಎಷ್ಟು ಕಷ್ಟವಾಯಿತು ಎಂದು 36 ಪ್ರಶ್ನೆಗಳಲ್ಲಿ ಕೇಳುತ್ತದೆ.

ಹೊರಗಿನವರ ಕಣ್ಣಿಗೆ ಬೀಳದ ಬೆಲೆ ಸ್ವಂತ ಉತ್ತರಗಳಲ್ಲಿ ಕಾಣುತ್ತದೆ. ಕಚೇರಿಯಲ್ಲಿ ದಿನವಿಡೀ ಉಳಿದವರಂತೆ ನಗುತ್ತಾ, ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಿ, ಸಂಜೆ ಮನೆಗೆ ಬಂದು ಕತ್ತಲೆ ಕೋಣೆಯಲ್ಲಿ ಮಲಗಿಬಿಡುವವರಿದ್ದಾರೆ. ಪೋರ್ಟ್‌ಲ್ಯಾಂಡಿನ ಡೋರಾ ರೇಮೇಕರ್ ಮತ್ತು ಸಂಗಡಿಗರು 2020ರಲ್ಲಿ ಆಟಿಸಂ ಇರುವ ವಯಸ್ಕರ ಮಾತುಗಳಿಂದಲೇ ಈ ಕುಸಿತವನ್ನು ವಿವರಿಸಿದರು: ದೀರ್ಘಕಾಲದ ಬಳಲಿಕೆ, ಇದ್ದ ಕೌಶಲಗಳು ಕೈತಪ್ಪುವುದು, ಸದ್ದು-ಬೆಳಕುಗಳನ್ನು ತಾಳುವ ಶಕ್ತಿ ಕುಗ್ಗುವುದು. ಹೋದ ವರ್ಷ ಅಡುಗೆ ಮಾಡಿಕೊಂಡು ಇದ್ದವರಿಗೆ ಈ ವರ್ಷ ಅನ್ನ ಇಡುವುದೂ ಆಗದಿರಬಹುದು. ಕೆಲಸ ಮಾಡುತ್ತಾರೆ ಎಂದು ಗುರುತು ಹಾಕುವ ಮೌಲ್ಯಮಾಪಕರು, ಮಾಡಿದ ಮೇಲೆ ಏನಾಗುತ್ತದೆ ಎಂದೂ ಕೇಳಬೇಕು.

ನಮ್ಮ ಮನೆಗಳಲ್ಲಿ

ಡಾಲ್ ಅವರ ಮೂಲ ಮಾಪಕದಲ್ಲಿ ‘ಅವಕಾಶವೇ ಸಿಕ್ಕಿಲ್ಲ’ ಎಂದು ಗುರುತಿಸಲು ಬೇರೆ ಚಿಹ್ನೆ ಇತ್ತು. ನಮ್ಮ ಮನೆಗಳಿಗೆ ಬಂದರೆ ಆ ಚಿಹ್ನೆ ತುಂಬ ಬೇಕಾಗುತ್ತದೆ. 28 ವರ್ಷದ ಮಗ ಒಂದು ದಿನವೂ ಅನ್ನಕ್ಕೆ ಇಟ್ಟಿಲ್ಲ ಎಂದರೆ ಅದು ಆಟಿಸಂ ಇರಬಹುದು, ಗಂಡುಮಗನನ್ನು ಒಲೆಯ ಹತ್ತಿರ ಬಿಡದ ಮನೆಯ ರೂಢಿಯೂ ಇರಬಹುದು. ಬ್ಯಾಂಕಿಗೆ ಒಬ್ಬಳೇ ಹೋಗದ ಮಗಳ ಅಣ್ಣತಮ್ಮಂದಿರೇ ಎಲ್ಲ ವ್ಯವಹಾರ ನೋಡಿಕೊಳ್ಳುತ್ತಿರಬಹುದು. ಅತಿ ಅಕ್ಕರೆಯಿಂದಲೂ ಅವಕಾಶ ತಪ್ಪುತ್ತದೆ: ತುತ್ತು ಮಾಡಿ ಬಾಯಿಗೆ ಕೊಡುವ ಅಜ್ಜಿ, ಶೂ ಲೇಸು ಕಟ್ಟುವ ಅಪ್ಪ. ಕೂಡು ಕುಟುಂಬದ ಆಸರೆ ದೊಡ್ಡ ಭಾಗ್ಯ. ಆದರೆ ಆ ಆಸರೆಯೊಳಗೆ ವ್ಯಕ್ತಿಗೆ ಏನು ಬರುತ್ತದೆ, ಏನು ಬಾರದು ಎಂಬುದು ಮಸುಕಾಗುತ್ತದೆ. ಆಗ ಮನೋವಿಜ್ಞಾನಿ ಒಂದು ವಾರ ಅವಕಾಶ ಕೊಟ್ಟು ನೋಡಿ, ಆಮೇಲೆ ಗುರುತು ಹಾಕಬೇಕು.

ಹೀಗೆ ಕೆಲಸ ಮಾಡಿಸಿ ನೋಡುವ ಪದ್ಧತಿ ಉದ್ಯೋಗದ ಆಯ್ಕೆಯಲ್ಲೂ ಫಲ ಕೊಟ್ಟಿದೆ. ಡೆನ್ಮಾರ್ಕಿನ ಥೋರ್ಕಿಲ್ ಸೊನ್ನೆ 2004ರಲ್ಲಿ ಕಟ್ಟಿದ ಸ್ಪೆಷಲಿಸ್ಟರ್ನೆ ಸಂಸ್ಥೆ ಆಟಿಸಂ ಇರುವ ಅಭ್ಯರ್ಥಿಗಳನ್ನು ಸಂದರ್ಶನದ ಮೇಜಿನೆದುರು ಕೂರಿಸುವ ಬದಲು ಅವರ ಕೈಗೆ ಲೆಗೋ ರೋಬೋಟ್ ಕೊಟ್ಟು ಗಮನಿಸಿತು. 2013ರಲ್ಲಿ ಅದರ ಜೊತೆ ಕೈಜೋಡಿಸಿ ಜಗತ್ತಿನಾದ್ಯಂತ ಆಟಿಸಂ ಇರುವವರನ್ನು ನೇಮಿಸಿಕೊಳ್ಳುವುದಾಗಿ ಸಾರಿದ ಎಸ್‌ಎಪಿ ಕಂಪನಿ, ಅದಕ್ಕೂ ಮುಂಚೆ ಪ್ರಯೋಗ ಮಾಡಿ ನೋಡಿದ್ದು ಬೆಂಗಳೂರಿನಲ್ಲಿ. ಅಲ್ಲಿ ಅವರನ್ನು ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸಕ್ಕೆ ತೆಗೆದುಕೊಂಡಿತ್ತು.

ಪ್ರಮಾಣಪತ್ರದ ಆಚೆ

ಭಾರತದ 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅದನ್ನು ಗುರುತಿಸಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿದ 21 ಅಂಗವೈಕಲ್ಯಗಳಲ್ಲಿ ಅದೂ ಒಂದಾಯಿತು. ಶೇ. 40 ಮತ್ತು ಅದಕ್ಕಿಂತ ಹೆಚ್ಚು ಎಂದು ಪ್ರಮಾಣಪತ್ರ ಬಂದರೆ ಹಲವು ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಆ ಶೇಕಡಾವಾರನ್ನು ಲೆಕ್ಕ ಹಾಕಲು ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ರೂಪಿಸಿದ ‘ಐಸಾ’ ಮಾಪಕ ಬಳಕೆಯಲ್ಲಿದೆ. ಅದರಲ್ಲಿ 40 ಅಂಶ, ಪ್ರತಿಯೊಂದಕ್ಕೆ 1ರಿಂದ 5 ಅಂಕ. ಸಾಮಾಜಿಕ ಸಂಬಂಧ, ಭಾವಸ್ಪಂದನ, ಮಾತು ಮತ್ತು ಸಂವಹನ, ವರ್ತನೆಯ ರೀತಿ, ಇಂದ್ರಿಯಾನುಭವ, ಗ್ರಹಿಕೆ ಇವು ಅದರ ಆರು ವಿಭಾಗಗಳು. ಆಟಿಸಂ ಲಕ್ಷಣಗಳನ್ನು ಅಳೆಯಲು ಅದು ಹೊಂದುತ್ತದೆ. ಸ್ನಾನ, ಅಡುಗೆ, ಬಸ್ಸು, ಹಣ ಎಂಬ ವಿಭಾಗ ಅದರಲ್ಲಿಲ್ಲ. ಸಣ್ಣ ವಯಸ್ಸಿನಿಂದ ಉಳಿದವರಂತೆ ಕಾಣುವ ಮುಖವಾಡ ಹಾಕಿಕೊಳ್ಳಲು ಕಲಿತವರ ಲಕ್ಷಣದ ಅಂಕ ಕಡಿಮೆ ಬಂದರೆ, ಮನೆಯಲ್ಲಿ ಅವರಿಗೆ ಬೇಕಾದ ನೆರವು ಲೆಕ್ಕಕ್ಕೇ ಬರುವುದಿಲ್ಲ.

ಪ್ರಮಾಣಪತ್ರ ಸಿಕ್ಕವರ ಮಟ್ಟಿಗಾದರೂ 2016ರ ಕಾಯ್ದೆಯಲ್ಲೇ ಇದಕ್ಕೊಂದು ದಾರಿಯಿದೆ. 38ನೇ ಕಲಮಿನ ಪ್ರಕಾರ ಶೇ. 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯವಿದ್ದು ಹೆಚ್ಚಿನ ಆಸರೆ ಬೇಕಾದವರು ಅಥವಾ ಅವರ ಪರವಾಗಿ ಇನ್ನೊಬ್ಬರು ಅರ್ಜಿ ಹಾಕಬಹುದು. ಮೌಲ್ಯಮಾಪನ ಮಂಡಳಿ ಪರಿಶೀಲಿಸಿ ಎಂಥ ಆಸರೆ ಬೇಕೆಂದು ವರದಿ ಕೊಡಬೇಕು. ಈ ಕಲಮನ್ನು ಹೆಚ್ಚು ಕುಟುಂಬಗಳು ತಿಳಿದು ಬಳಸಬೇಕು. ಮಂಡಳಿಯ ಮುಂದೆ ಒಯ್ಯುವ ವರದಿಯಲ್ಲಿ ಶೇಕಡಾವಾರಿಗಿಂತ ಇಂಥ ಸಾಲುಗಳಿರಬೇಕು: ತಿಳಿದಿರುವ ದಾರಿಯಲ್ಲಿ ಬಿಎಂಟಿಸಿ ಬಸ್ಸಿನಲ್ಲಿ ಒಬ್ಬರೇ ಹೋಗುತ್ತಾರೆ, ಬಸ್ಸಿನ ದಾರಿ ಬದಲಾದರೆ ಫೋನಿನಲ್ಲಿ ಯಾರಾದರೂ ಮಾತಾಡಬೇಕು. ಮಾತ್ರೆಯನ್ನು ವಾರದ ಡಬ್ಬಿಯಲ್ಲಿ ತುಂಬಿಟ್ಟರೆ ತಪ್ಪದೆ ನುಂಗುತ್ತಾರೆ, ಡಬ್ಬಿ ತುಂಬಲು ವಾರಕ್ಕೊಮ್ಮೆ ನೆರವು ಬೇಕು. ಅಪರಿಚಿತರು ಹಣ ಕೇಳಿದರೆ ಕೊಟ್ಟುಬಿಡುತ್ತಾರೆ, ಖಾತೆಗೆ ದಿನದ ಮಿತಿ ಇಡಬೇಕು.

ಇಂಥ ಸಾಲುಗಳಿಂದ ಕಲಿಕೆಯ ಗುರಿಯೂ ಹೊರಡುತ್ತದೆ. ಅಮೆರಿಕದ ಸಿನ್ಸಿನಾಟಿಯಲ್ಲಿ ಏಮಿ ಡಂಕನ್ ಮತ್ತು ಸಂಗಡಿಗರು ಬುದ್ಧಿಯ ಅಂಕ ಚೆನ್ನಾಗಿದ್ದೂ ದಿನಚರಿಯಲ್ಲಿ ಹಿಂದುಳಿದ ಹದಿಹರೆಯದವರಿಗೆ ಬೆಳಗಿನ ತಯಾರಿ, ಬಟ್ಟೆ ಒಗೆಯುವುದು, ಅಡುಗೆ, ಹಣದ ನಿರ್ವಹಣೆ ಈ ನಾಲ್ಕನ್ನೇ ಆರಿಸಿಕೊಂಡು, ಹೆತ್ತವರನ್ನೂ ಸೇರಿಸಿ ಕಲಿಸುತ್ತಾ ಬಂದಿದ್ದಾರೆ; ಅಂಕಗಳು ಮೇಲೇರಿವೆ. ನಮ್ಮಲ್ಲಿ ಆಟಿಸಂ ಇರುವ ವಯಸ್ಕರ ತಂದೆತಾಯಿ ಹೋದಲ್ಲೆಲ್ಲ ಕೇಳುವ ಪ್ರಶ್ನೆ “ನಾವು ಹೋದ ಮೇಲೆ ಇವನನ್ನು ನೋಡಿಕೊಳ್ಳುವವರು ಯಾರು?” ಎಂಬುದು. ವರ್ಷಕ್ಕೊಮ್ಮೆ, ಮನೆ ಬದಲಾದಾಗ, ಕೆಲಸ ಸಿಕ್ಕಾಗ, ಅಮ್ಮ ಆಸ್ಪತ್ರೆ ಸೇರಿದಾಗ ಈ ಮೌಲ್ಯಮಾಪನ ಮತ್ತೆ ಮಾಡಿಸಿದ್ದರೆ, ಆ ‘ಯಾರು’ ಯಾವ ಯಾವ ಕೆಲಸಕ್ಕೆ, ದಿನದ ಯಾವ ಹೊತ್ತಿಗೆ, ಎಷ್ಟು ಗಂಟೆ ಬರಬೇಕು ಎಂಬುದು ತಂದೆತಾಯಿ ಇರುವಾಗಲೇ ಕಾಗದದ ಮೇಲಿರುತ್ತದೆ. ತಂಗಿ, ನೆರೆಮನೆಯವರು, ಸರ್ಕಾರದ ಮಂಡಳಿ ತಂತಮ್ಮ ಪಾಲಿನದನ್ನು ಅದರಿಂದ ವಹಿಸಿಕೊಳ್ಳಬಹುದು.